ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ: ಮಗಳಿಗಾಗಿ ನೋಡಿ ಬಂದೆ

ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸುವ ಮುಂಚೆ ಶಾಲೆಯಲ್ಲಿ ಮಧ್ಯಾಹ್ನದವರೆಗೂ ಕೂತು ನೋಡಿದೆ. ಒಂದರಿಂದ ಮೂರನೇ ಕ್ಲಾಸಿನವರೆಲ್ಲ ನಲಿ-ಕಲಿಯಲ್ಲಿ ಒಟ್ಟಿಗೇ ಕೂರುತ್ತಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಮಗು ಕಲಿಕಾ ಏಣಿಯಲ್ಲಿ, ಅಂದರೆ ಕಲಿಕೆಯ ಮೆಟ್ಟಿಲುಗಳನ್ನು ಸಾಲಾಗಿ ತೋರಿಸುವ ಪಟ್ಟಿಯಲ್ಲಿ, ಎಲ್ಲಿದೆಯೋ ಅಲ್ಲಿಂದಲೇ ಪಾಠದ ಕಾರ್ಡ್ ತೆಗೆದುಕೊಂಡು ಮುಂದಕ್ಕೆ ಹೋಗುತ್ತದೆ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಪಕ್ಕದ ಪುಟಾಣಿಯ ಕೈ ಹಿಡಿದು 'ರ' ತಿದ್ದಿಸುತ್ತಿದ್ದಳು, ಯಾರೂ ಹೇಳದೆಯೇ. ಅಲ್ಲೇ ನನ್ನ ಮನಸ್ಸು ಗಟ್ಟಿಯಾಯ್ತು. ಬಿಸಿಯೂಟದ ಸಾಂಬಾರು ಉಂಡು ನೋಡಿದೆ: ಬೇಳೆ ಚೆನ್ನಾಗಿ ಬೆಂದಿತ್ತು, ತರಕಾರಿಯೂ ಧಾರಾಳ. ಶೌಚಾಲಯದ ನಲ್ಲಿಯಲ್ಲಿ ಮಾತ್ರ ನೀರಿಲ್ಲ. ಎಸ್‌ಡಿಎಂಸಿ (ಪೋಷಕರೇ ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದನ್ನೇ ಮೊದಲು ಎತ್ತುತ್ತೇನೆ. ಟೀಚರ್ ಇಬ್ಬರೇ, ಒಬ್ಬರು ತರಬೇತಿಗೆ ಹೋದರೆ ಐದೂ ಕ್ಲಾಸು ಇನ್ನೊಬ್ಬರ ತಲೆ ಮೇಲೆ. ನಿಮ್ಮೂರ ಶಾಲೆಗೆ ಸೇರಿಸುವಾಗ ಕಾಯಂ ಶಿಕ್ಷಕರೆಷ್ಟು, ಅತಿಥಿ ಶಿಕ್ಷಕರೆಷ್ಟು ಅಂತ ತಪ್ಪದೆ ಕೇಳಿ.