ಸಂಶೋಧಕರ ಪ್ರಕಟಣೆಗಳನ್ನು ಅಳೆಯಲು ಪಬ್‌ಮೆಡ್ ಎಷ್ಟು ನಂಬಲರ್ಹ?

ಹೃದಯ ಚಿಕಿತ್ಸೆ ಹಾಗೂ ಔಷಧ ಸೇವೆಗಳೆರಡರಲ್ಲೂ ಕೆಲಸ ಮಾಡಿದ ಸಂಶೋಧಕರೊಬ್ಬರ ಪ್ರಕಟಣೆಗಳನ್ನು ಪರಿಶೀಲಿಸಲು ನಾನು ಮೊದಲು ತೆರೆಯುವುದು ವೈದ್ಯಕೀಯ ಲೇಖನಗಳ ಆನ್‌ಲೈನ್ ದತ್ತಾಂಶಕೋಶವಾದ ಪಬ್‌ಮೆಡ್ ಅನ್ನು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1996ರಲ್ಲಿ ಆರಂಭಿಸಿದ ಈ ಸೇವೆ ಇಂದಿಗೂ ಸಂಪೂರ್ಣ ಉಚಿತವಾಗಿದೆ ಎಂಬುದು ಸಣ್ಣ ಮಾತಲ್ಲ.

ಇದರ ನಿಜವಾದ ಬಲವಿರುವುದು ವಿಷಯ ಶೀರ್ಷಿಕೆಗಳಲ್ಲಿ, ಅಂದರೆ ಲೇಖನದ ವಿಷಯವನ್ನು ಸೂಚಿಸಲು ಕೊಡುವ ನಿಗದಿತ ಪದಗಳಲ್ಲಿ. ಲೇಖಕರ ಹೆಸರಿನೊಂದಿಗೆ ವಾರ್ಫರಿನ್ ಎಂಬ ಶೀರ್ಷಿಕೆಯನ್ನು ಸೇರಿಸಿದರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಆ ಔಷಧದ ಪ್ರಮಾಣವನ್ನು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆಯಾದ ಐಎನ್‌ಆರ್ 2ರಿಂದ 3ರ ನಡುವೆ ನಿಲ್ಲುವಂತೆ ಫಾರ್ಮಸಿಸ್ಟರು ಹೊಂದಿಸುವ ಕ್ರಮವನ್ನು ಕುರಿತ ಅವರ ಲೇಖನಗಳು ಇದ್ದರೆ, ಉಳಿದವುಗಳಿಂದ ಬೇರ್ಪಟ್ಟು ಕಣ್ಣೆದುರು ನಿಲ್ಲುತ್ತವೆ. ಹಿಂತೆಗೆದುಕೊಂಡ ಲೇಖನವಾದರೆ ಆ ಸೂಚನೆ ಪುಟದಲ್ಲೇ ಎದ್ದು ಕಾಣುತ್ತದೆ. ರೋಗಿಯ ಜೀವಕ್ಕೆ ಸಂಬಂಧಿಸಿದ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಸೌಲಭ್ಯ ಬೇರೊಂದಿಲ್ಲವೆಂದು ನಾನು ಭಾವಿಸುತ್ತೇನೆ.

ಆದರೆ ಹೆಸರಿನ ಹುಡುಕಾಟದಲ್ಲಿ ಎಚ್ಚರ ಬೇಕು. 2002ಕ್ಕಿಂತ ಹಿಂದಿನ ದಾಖಲೆಗಳಲ್ಲಿ ಬಹುಮಟ್ಟಿಗೆ ಕುಲನಾಮ ಮತ್ತು ಇನಿಷಿಯಲ್ ಮಾತ್ರ ಇರುವುದರಿಂದ ಇಬ್ಬರು ಮೂವರ ಕೆಲಸ ಒಂದೇ ಪಟ್ಟಿಯಲ್ಲಿ ಬೆರೆತುಬಿಡುತ್ತದೆ. 2012ರಲ್ಲಿ ಬಂದ, ಪ್ರತಿ ಸಂಶೋಧಕರನ್ನು ಪ್ರತ್ಯೇಕವಾಗಿ ಗುರುತಿಸುವ 16 ಅಂಕಿಗಳ ಆರ್ಕಿಡ್ (ORCID) ಸಂಖ್ಯೆಯನ್ನು ಲೇಖಕರು ನಮೂದಿಸಿದ್ದರೆ ಈ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ. ಔಷಧ ಸೇವೆಯ ಎಲ್ಲ ನಿಯತಕಾಲಿಕಗಳೂ ಇಲ್ಲಿ ಸೇರಿಲ್ಲ; ಹೀಗಾಗಿ ಹೃದ್ರೋಗದ ಲೇಖನಗಳಷ್ಟೇ ಕಂಡು, ಆ ಸಂಶೋಧಕರು ಔಷಧ ಸೇವೆಯಲ್ಲಿ ಮಾಡಿದ ಕೆಲಸ ಕಡಿಮೆಯೆಂಬ ತಪ್ಪು ತೀರ್ಮಾನಕ್ಕೆ ಓದುಗರು ಬರುವ ಸಾಧ್ಯತೆಯಿದೆ. ಅನೇಕ ಲೇಖನಗಳ ಸಾರಾಂಶ ಮಾತ್ರ ದೊರೆಯುತ್ತದೆ. ಪೂರ್ಣಪಾಠ ಬೇಕಾದವರು ಅಂಥ ಪಾಠಗಳ ಉಚಿತ ಸಂಗ್ರಹವಾದ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಹುಡುಕಬೇಕು.