ಪ್ಯಾಡ್ ಇಲ್ಲದ ಮೇಜಿಗೆ ಯಾವ ಮೌಸ್?

ದಾವಣಗೆರೆಯ ಹದಡಿ ರಸ್ತೆಯಲ್ಲಿರುವ ನನ್ನ ಅಂಗಡಿಯಲ್ಲಿ ಆನ್‌ಲೈನ್ ಅರ್ಜಿ ತುಂಬುವುದು, ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್, ಲಗ್ನಪತ್ರಿಕೆಯ ವಿನ್ಯಾಸ, ಜೆರಾಕ್ಸ್ ಎಲ್ಲವೂ ಒಟ್ಟಿಗೇ ನಡೆಯುತ್ತವೆ. ಆಧಾರ್ ಪ್ರತಿ, ಅಂಕಪಟ್ಟಿ, ಕತ್ತರಿಸಿದ ಫೋಟೋ ಚೂರುಗಳ ನಡುವೆ ಮೌಸ್ ಪ್ಯಾಡಿಗೆ ಜಾಗವಿಲ್ಲ. ಇಟ್ಟರೂ ವಿದ್ಯಾರ್ಥಿವೇತನದ ಅರ್ಜಿಗಳ ಕಾಲದಲ್ಲಿ ಜನರ ಮೊಣಕೈ ತಗುಲಿ ಜಾರುತ್ತಲೇ ಇರುತ್ತದೆ. ಹಾಗಾಗಿ ಪ್ಯಾಡ್ ಬೇಡದ, ಅಗ್ಗದ ಮೌಸ್ ಯಾವುದೆಂದು ತಿಳಿಯಲು ನಾಲ್ಕನ್ನು ತಂದು ಓಡಿಸಿ ನೋಡಿದೆ: ಹೆಸರಿಲ್ಲದ ತೀರಾ ಅಗ್ಗದ ಒಂದು, ವೈರ್ ಇರುವ ಲಾಜಿಟೆಕ್ ಬಿ100 ಮತ್ತು ಡೆಲ್ ಎಂಎಸ್116, ವೈರ್ ಇಲ್ಲದ ಲಾಜಿಟೆಕ್ ಎಂ185. ಬಿ100 ಮತ್ತು ಎಂಎಸ್116 ಎರಡೂ ಮುನ್ನೂರು ರೂಪಾಯಿಯ ಆಸುಪಾಸಿನವು. ಎಂ185ಕ್ಕೆ ಸುಮಾರು ಅದರ ಎರಡರಷ್ಟು.

ಓಡಿಸಿದ್ದು ಮೂರು ಕಡೆ: ಮುಂದಿನ ಕೌಂಟರಿನ ಕಡಪ ಕಲ್ಲು, ಒಳಗಿನ ಬಿಳಿ ಸನ್‌ಮೈಕಾ ಮೇಜು, ಗಾಜು ಹೊದಿಸಿದ ಹಳೆಯ ಮೇಜು. ವೇಗವಾಗಿ ಎಳೆದಾಡಿದರೆ ಎಲ್ಲ ಮೌಸ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ವಿಂಡೋಸ್‌ನ ಪೇಂಟ್ ತೆರೆದು ತೀರಾ ನಿಧಾನವಾಗಿ ಒಂದು ಓರೆ ಗೆರೆ ಎಳೆದಾಗಲೇ ಬಣ್ಣ ಬಯಲಾಗುವುದು. ಗೆರೆ ಮೆಟ್ಟಿಲು ಮೆಟ್ಟಿಲಾಗಿ ಬಂದರೆ, ಕೈ ಬಿಟ್ಟ ಮೇಲೂ ಬಾಣ ನಡುಗುತ್ತಿದ್ದರೆ, ಆ ಮೇಲ್ಮೈ ಆ ಮೌಸಿಗೆ ಹಿಡಿಸಿಲ್ಲ ಎಂದೇ ಅರ್ಥ.

ಇದಕ್ಕೆ ಕಾರಣವಿದೆ. ಈಗಿನ ಮೌಸ್‌ನ ಹೊಟ್ಟೆಯಲ್ಲಿರುವುದು ಒಂದು ಪುಟ್ಟ ಕ್ಯಾಮೆರಾ. ಎಲ್‌ಇಡಿ ಬೆಳಕು ಮೇಜಿನ ಮೇಲೆ ಓರೆಯಾಗಿ ಬೀಳುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬು ತಗ್ಗುಗಳು ನೆರಳು ಚೆಲ್ಲುತ್ತವೆ, ಕ್ಯಾಮೆರಾ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದು ಒಂದನ್ನೊಂದಕ್ಕೆ ಹೋಲಿಸಿ ಮೌಸ್ ಎಷ್ಟು ದೂರ ಸರಿಯಿತು ಎಂದು ಲೆಕ್ಕ ಹಾಕುತ್ತದೆ. ಮೇಲ್ಮೈ ತುಸು ಒರಟಾಗಿದ್ದಷ್ಟೂ ಅದಕ್ಕೆ ಹಿಡಿತ ಸಿಗುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ ಮುದ್ರಿಸಿದ ಡಿಪಿಐ ಸಂಖ್ಯೆಗೂ (ಮೌಸ್ ಒಂದು ಇಂಚು ಸರಿದರೆ ಬಾಣ ಎಷ್ಟು ಚುಕ್ಕಿ ಓಡುತ್ತದೆ ಎಂಬ ಅಳತೆ) ಈ ಹಿಡಿತಕ್ಕೂ ಸಂಬಂಧವಿಲ್ಲ. ಅಂಗಡಿಗಳಲ್ಲಿ ಆ ಸಂಖ್ಯೆಯನ್ನೇ ತೋರಿಸಿ ಮಾರುವುದು ನನಗೆ ಬೇಸರ ತರಿಸುತ್ತದೆ.

ಸನ್‌ಮೈಕಾದ ಮೇಲೆ ನಾಲ್ಕೂ ಓಡಿದವು, ಅಲ್ಲಿ ಹೆಚ್ಚು ಹೇಳುವುದೇನಿಲ್ಲ. ಕಡಪ ಕಲ್ಲಿನ ಮೇಲೆ ವ್ಯತ್ಯಾಸ ತಿಳಿಯಿತು. ನಮ್ಮದು ಕನ್ನಡಿಯಂತೆ ಪಾಲಿಶ್ ಮಾಡಿದ ಕಲ್ಲಲ್ಲ, ಮಂದ ಮೈಯದು. ಬಿ100, ಎಂಎಸ್116, ಎಂ185 ಮೂರೂ ಅದರ ಮೇಲೆ ನೇರವಾದ ಗೆರೆ ಎಳೆದವು. ಹೆಸರಿಲ್ಲದ ಮೌಸ್ ಮಾತ್ರ ತಡವರಿಸಿತು. ಪಾಸ್‌ಪೋರ್ಟ್ ಅಳತೆಯ ಫೋಟೋದ ಅಂಚನ್ನು ಹಿಡಿಯಹೋದರೆ ಬಾಣ ಕಿವಿಯಿಂದ ಭುಜಕ್ಕೆ ಹಾರುತ್ತಿತ್ತು. ನೂರೈವತ್ತು ರೂಪಾಯಿ ಉಳಿಸಲು ದಿನವಿಡೀ ಈ ಕಾಟ ಯಾರಿಗೂ ಬೇಡ.

ವೈರ್ ಇರುವ ಎರಡರ ನಡುವೆ ಆರಿಸುವುದು ಕಷ್ಟ. ಎರಡಕ್ಕೂ ಸೆಲ್ ಬೇಡ, ಚಾರ್ಜ್ ಬೇಡ, ಯುಎಸ್‌ಬಿಗೆ ಸಿಕ್ಕಿಸಿದರೆ ಸಾಕು. ಬಿ100 ಇರುವುದು 800 ಡಿಪಿಐ, ಎಂಎಸ್116 ಇರುವುದು 1000. ವಿಂಡೋಸ್‌ನಲ್ಲಿ ಕೈಯ ವೇಗಕ್ಕೆ ತಕ್ಕಂತೆ ಬಾಣದ ಓಟ ಬದಲಿಸುವ ‘ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್’ ಎಂಬ ಆಯ್ಕೆಯ ಗುರುತು ತೆಗೆದು, ವೇಗವನ್ನು ನಡುವಿನಲ್ಲಿಟ್ಟರೆ, 1920 ಪಿಕ್ಸೆಲ್ ಅಗಲದ ಪರದೆಯನ್ನು ದಾಟಲು 800ಕ್ಕೆ ಸುಮಾರು 2.4 ಇಂಚು, 1000ಕ್ಕೆ ಎರಡು ಇಂಚಿಗಿಂತ ಸ್ವಲ್ಪ ಕಡಿಮೆ ಕೈ ಸರಿಸಬೇಕು. ಅರ್ಧ ಇಂಚು ದೊಡ್ಡದಲ್ಲ ಎನಿಸಬಹುದು. ಕಾಗದಗಳ ನಡುವೆ ಅಂಗೈಯಷ್ಟೇ ಜಾಗವಿರುವಾಗ ಅದು ತಿಳಿಯುತ್ತದೆ. ಆದರೆ ಲಗ್ನಪತ್ರಿಕೆಯಲ್ಲಿ ಗಣಪತಿಯ ಚಿತ್ರವನ್ನು ಕೂದಲೆಳೆಯಷ್ಟು ಸರಿಸುವಾಗ ಬಿ100ರ ನಿಧಾನವೇ ನನ್ನ ಕೈಗೆ ಹಿತ. ಒಳಗಿನ ವಿನ್ಯಾಸದ ಮೇಜಿಗೆ ಅದನ್ನೇ ಇಟ್ಟುಕೊಂಡಿದ್ದೇನೆ. ಎಂಎಸ್116 ನಮ್ಮ ಟೈಪಿಂಗ್ ಹುಡುಗಿಯ ಪಾಲಾಯಿತು, ಅವಳಿಗೆ ಬಾಣ ಬೇಗ ಓಡಬೇಕು.

ಮುಂದಿನ ಕೌಂಟರಿಗೆ ಎಂ185. ಕಾರಣ ಬೇರೇನಲ್ಲ, ವೈರ್ ಇಲ್ಲದಿರುವುದು. ವೈರ್ ಇದ್ದಾಗ ಅದು ಅರ್ಜಿಗಳನ್ನು ಎಳೆದು ಕೆಳಗೆ ಬೀಳಿಸುತ್ತಿತ್ತು. ಇದಕ್ಕೆ ಬೇಕಿರುವುದು ಒಂದೇ ಎಎ ಸೆಲ್. ಹನ್ನೆರಡು ತಿಂಗಳು ಬರುತ್ತದೆ ಎಂದು ಕಂಪನಿ ಹೇಳುತ್ತದೆ. ಅಡಿಯಲ್ಲಿ ಸ್ವಿಚ್ ಇದೆ, ರಾತ್ರಿ ಬಾಗಿಲು ಹಾಕುವಾಗ ಆರಿಸಿ ಹೋಗುತ್ತೇನೆ. ಕಂಪ್ಯೂಟರಿಗೆ ಸಿಕ್ಕಿಸುವ ರಿಸೀವರ್ ಉಗುರಿನಷ್ಟು ಚಿಕ್ಕದು. ಲ್ಯಾಪ್‌ಟಾಪ್ ಹೊತ್ತು ಓಡಾಡುವವರು ಅದನ್ನು ತೆಗೆದಾಗಲೆಲ್ಲ ಸೆಲ್ ಇಡುವ ಗೂಡಿನಲ್ಲೇ ಸೇರಿಸಿಡುವುದು ಒಳ್ಳೆಯದು.

ಗಾಜಿನ ಮೇಜಿನ ವಿಷಯ ಬೇರೆಯೇ, ಅದರ ಮೇಲೆ ಈ ಮೌಸ್‌ಗಳು ಓಡವು. ಗಾಜಿನಡಿ ಬಣ್ಣದ ಕ್ಯಾಲೆಂಡರ್ ಇದ್ದರೂ ಪ್ರಯೋಜನವಿಲ್ಲ. ಕ್ಯಾಮೆರಾದ ಮಸೂರ ಮೌಸ್‌ನ ತಳಕ್ಕೆ ತಾಗಿರುವ ಮೇಲ್ಮೈಯನ್ನಷ್ಟೇ ಸ್ಪಷ್ಟವಾಗಿ ನೋಡುವಂತೆ ಕೂರಿಸಲ್ಪಟ್ಟಿದೆ, ಗಾಜಿನ ದಪ್ಪದಾಚೆಯ ಕಾಗದ ಅದಕ್ಕೆ ಮಸುಕು. 2008ರಲ್ಲಿ ಮೈಕ್ರೋಸಾಫ್ಟ್ ತಂದ ಬ್ಲೂಟ್ರ್ಯಾಕ್ ಎಂಬ ನೀಲಿ ಬೆಳಕಿನ ಮೌಸ್‌ಗಳು ಗ್ರಾನೈಟ್, ಅಮೃತಶಿಲೆಗಳ ಮೇಲೆ ಓಡುವಂಥವು. ಪಾರದರ್ಶಕ ಗಾಜು ಮತ್ತು ಕನ್ನಡಿಯ ಮೇಲೆ ಅವೂ ಓಡವು. 2009ರಲ್ಲಿ ಲಾಜಿಟೆಕ್ ತಂದ ಡಾರ್ಕ್‌ಫೀಲ್ಡ್ ತಂತ್ರ ಕನಿಷ್ಠ ನಾಲ್ಕು ಮಿಲಿಮೀಟರ್ ದಪ್ಪದ ಗಾಜಿನ ಮೇಲೂ ನಡೆಯುತ್ತದೆ, ಆದರೆ ಅಂಥ ಮೌಸಿಗೆ ಹಲವು ಸಾವಿರ ರೂಪಾಯಿ ಬೇಕು. ಮನೆಯಲ್ಲಿ ಗಾಜಿನ ಮೇಜಿರುವವರು ಆ ಹಣ ಕೊಡುವ ಬದಲು ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಮಗುಚಿ ಗಾಜಿನ ಮೇಲೆ ಅಂಟಿಸಲಿ.

ಕೊಳ್ಳುವಾಗ ಅಂಗಡಿಯವರ ಕೌಂಟರ್ ಗಾಜಿನದಾಗಿದ್ದರೆ ಅಲ್ಲಿ ಪರೀಕ್ಷಿಸಿ ಫಲವಿಲ್ಲ. ‘ಅಣ್ಣಾ, ಓಡದಿದ್ದರೆ ನಾಳೆ ಬದಲಿಸಿ ಕೊಡುತ್ತೀರಾ?’ ಎಂದು ಮೊದಲೇ ಕೇಳಿ, ನಿಮ್ಮ ಮೇಜಿನ ಮೇಲೆ ಓಡಿಸಿ ನೋಡಿ. ಕಲ್ಲಿನ ಮೇಲೆ ಬಳಸುವವರು ತಳದ ಜಾರುಪಟ್ಟಿಗಳನ್ನು ಆಗಾಗ ಗಮನಿಸಬೇಕು, ಕಲ್ಲು ಅವನ್ನು ಬೇಗ ಸವೆಸುತ್ತದೆ. ಬಾಣ ಇದ್ದಕ್ಕಿದ್ದಂತೆ ನಡುಗತೊಡಗಿದರೆ ಹೊಸದು ಕೊಳ್ಳುವ ಮೊದಲು ಮೌಸ್ ಮಗುಚಿ, ಬೆಳಕು ಬರುವ ರಂಧ್ರದಲ್ಲಿ ಕೂದಲೋ ಹತ್ತಿಯ ಎಳೆಯೋ ಸಿಕ್ಕಿದೆಯೇ ನೋಡಿ, ಒಣ ಬಡ್ಸ್‌ನಿಂದ ಮೆಲ್ಲಗೆ ತೆಗೆಯಿರಿ.