ಮಾಸ್ಕೋ, ಟೇಬಲ್ ಫ್ಯಾನೋ, ಎಕ್ಸಾಸ್ಟೋ?

ಅಕ್ರಿಲಿಕ್ ಉಗುರು ಹಾಕುವವರಿಗೆ ಕಾಟ ಎರಡು ಥರ. ಫೈಲ್ ಮಾಡುವಾಗ ಏಳುವ ಪುಡಿ ಒಂದು, ಉಗುರು ಕಟ್ಟಲು ಅಕ್ರಿಲಿಕ್ ಪುಡಿಗೆ ಬೆರೆಸುವ ಲಿಕ್ವಿಡ್‌ನ ಆವಿ ಇನ್ನೊಂದು. ಪುಡಿಗೆ ಆಗುವ ಉಪಾಯ ಆವಿಗೆ ಆಗಲ್ಲ. ಅಂಗಡಿಯವರು ಇದನ್ನು ಬಿಡಿಸಿ ಹೇಳುವುದೇ ಇಲ್ಲ.

ಸರ್ಜಿಕಲ್ ಮಾಸ್ಕ್ ಅಗ್ಗ, ಅಷ್ಟೇ. ಡ್ರಿಲ್‌ನಲ್ಲಿ ಹಳೇ ಸೆಟ್ ತೆಗೆದು ಮಾಸ್ಕ್ ಬಿಚ್ಚಿದರೆ ಮೂಗಿನ ಎರಡೂ ಬದಿ ಬಿಳಿ ಪುಡಿ. ಎನ್95 ಮುಖಕ್ಕೆ ಸರಿಯಾಗಿ ಅಂಟಿ ಕೂತರೆ ಪುಡಿಯ ಮಟ್ಟಿಗೆ ತುಂಬಾ ವಾಸಿ. ಆದರೆ ಲಿಕ್ವಿಡ್ ಮುಚ್ಚಳ ತೆಗೆದ ತಕ್ಷಣ ವಾಸನೆ ಸೀದಾ ಒಳಗೆ. ಕಾರ್ಬನ್ ಫಿಲ್ಟರ್ ಇರುವ ರಬ್ಬರ್ ಮಾಸ್ಕ್ ಆವಿಯನ್ನೂ ಹಿಡಿಯುತ್ತದೆ. ಆದರೆ ಅದನ್ನು ಹಾಕಿಕೊಂಡು ಕ್ಲೈಂಟ್ ಜೊತೆ ಮಾತಾಡುವುದು ಕಷ್ಟ. ಕೆಲಸ ಮುಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಇಡದಿದ್ದರೆ ಸುಮ್ನೆ ಇಟ್ಟಲ್ಲೇ ಫಿಲ್ಟರ್ ಸವೆಯುತ್ತದೆ.

ಕೈ ಕೆಳಗೆ ಇಡುವ, ಬಟ್ಟೆ ಚೀಲದ ಟೇಬಲ್ ಫ್ಯಾನ್ ದಪ್ಪ ಪುಡಿ ಎಳೆಯುತ್ತದೆ. ಆವಿಗೆ ಅದರಿಂದ ಏನೂ ಆಗಲ್ಲ, ಅದೇ ಗಾಳಿಯನ್ನು ರೂಮಿಗೇ ಬಿಡುತ್ತದೆ. ಚೀಲ ಕೊಡವುವಾಗ ನಯವಾದ ಪುಡಿ ಮತ್ತೆ ಮುಖಕ್ಕೇ. ಮಾಸ್ಕ್ ಹಾಕಿಕೊಂಡು ಹೊರಗೆ ಹೋಗಿ ಕೊಡವಬೇಕು.

ನನ್ನ ಓಟು ಎಕ್ಸಾಸ್ಟ್‌ಗೆ. ಆದರೆ ಸೀಲಿಂಗ್‌ನಲ್ಲಿ ಕೂರಿಸುವುದು ಬೇಡ. ಮೇಲಿಂದ ಎಳೆದರೆ ಆವಿ ನಮ್ಮ ಮೂಗಿನ ಮುಂದೆಯೇ ಹಾದು ಹೋಗುತ್ತದೆ ಅಲ್ವಾ? ಟೇಬಲ್ ಮಟ್ಟದಲ್ಲಿ, ಕ್ಲೈಂಟ್ ಕೈಯ ಹತ್ತಿರ ಪೈಪಿನ ಬಾಯಿ ಇಟ್ಟು ಕಿಟಕಿಯಿಂದ ಹೊರಗೆ ಬಿಡಿಸಿದೆ. ಸಂಜೆಯ ತಲೆಭಾರ ಇಳಿದದ್ದು ಇದಾದ ಮೇಲೆಯೇ. ಸದ್ದು ಜಾಸ್ತಿ, ಏಸಿ ತಂಪೂ ಸ್ವಲ್ಪ ಹೊರಗೆ ಹೋಗುತ್ತದೆ. ಡ್ರಿಲ್ ಹಿಡಿದಾಗ ಜೊತೆಗೆ ಎನ್95 ಇದ್ದೇ ಇರುತ್ತದೆ. ಲಿಕ್ವಿಡ್ ಬಟ್ಟಲಿಗೆ ಮುಚ್ಚಳ, ಒರೆಸಿದ ಟಿಶ್ಯೂಗೆ ಮುಚ್ಚಳದ ಡಬ್ಬಿ, ಇವೆರಡಕ್ಕೆ ಖರ್ಚೇ ಇಲ್ಲ.

ಗ್ಲೌಸ್ ವಿಷಯದಲ್ಲಿ ಲೇಟೆಕ್ಸ್‌ಗಿಂತ ನೈಟ್ರೈಲ್ ಮೇಲು. ಆದರೂ ಲಿಕ್ವಿಡ್ ಅಥವಾ ಲ್ಯಾಂಪ್ ಬೆಳಕಿಗೆ ಗಟ್ಟಿಯಾಗುವ ಉಗುರಿನ ಜೆಲ್ ತಾಗಿದರೆ ಆಗಲೇ ಬದಲಿಸಿ, ಕೆಲವೇ ನಿಮಿಷದಲ್ಲಿ ಒಳಗೆ ಇಳಿಯುತ್ತದೆ. ಜೆಲ್‌ಗೆ ವಾಸನೆ ಕಡಿಮೆ ಅಂತ ಧೈರ್ಯ ಬೇಡ. ಹಲವು ಜೆಲ್‌ಗಳಲ್ಲಿರುವ ಹೇಮಾ (HEMA) ಅನ್ನುವ ರಾಸಾಯನಿಕ ಚರ್ಮಕ್ಕೆ ಒಮ್ಮೆ ಅಲರ್ಜಿ ತಂದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡಲ್ಲ. ಹಲ್ಲಿನ ಫಿಲ್ಲಿಂಗ್‌ಗೂ ತೊಡಕಾಗಬಹುದು, ಅಲ್ಲೂ ಇದೇ ಜಾತಿಯ ರಾಸಾಯನಿಕ.

ಲಿಕ್ವಿಡ್ ಕೊಳ್ಳುವಾಗ ಲೇಬಲ್‌ನಲ್ಲಿ ಇಎಂಎ (ಈಥೈಲ್ ಮೆಥಾಕ್ರಿಲೇಟ್ ಅನ್ನುವ ರಾಸಾಯನಿಕ) ಇದೆಯೇ ನೋಡಿ. ಅದರ ಬದಲು ಹಾಕುವ ಅಗ್ಗದ ಎಂಎಂಎ (ಮೀಥೈಲ್ ಮೆಥಾಕ್ರಿಲೇಟ್) ವಿರುದ್ಧ ಅಮೆರಿಕದ ಔಷಧ, ಸೌಂದರ್ಯವರ್ಧಕಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 1970ರ ದಶಕದಲ್ಲೇ ಕ್ರಮ ಕೈಗೊಂಡಿತ್ತು. ಲೇಬಲ್ಲೇ ಇಲ್ಲದ ಬಾಟಲಿಯನ್ನು ಎಷ್ಟು ಕಡಿಮೆಗೆ ಕೊಟ್ಟರೂ ನಾನು ತಗೊಳ್ಳಲ್ಲ.